ಮಾತಿಗೆ ಲೈನಿಂಗ್ ಹಾಕುತ್ತಿದ್ದ ಗುಂಡಿಯಕ್ಕ

ಒಂದೇ ಕೋಣೆಯಲ್ಲಿ ಕೂತು, ಒಂದೇ ಬಟ್ಟೆಯನ್ನು ಒಬ್ಬ ಕತ್ತರಿಸಿ ಇನ್ನೊಬ್ಬ ಹೊಲಿದು, ಒಂದೇ ಕೆಟಲಿನ ಚಹಾ ಕುಡಿದು, ಅರ್ಧ ಆಯುಷ್ಯವನ್ನು ಒಬ್ಬರೊಡನೊಬ್ಬರು ಮಾತಾಡದೆ ಕಳೆದ ಅಣ್ಣತಮ್ಮಂದಿರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಒಂದು ಊರಿನ ಪೇಟೆಬೀದಿಯಲ್ಲಿ ಅಂಥವರಿದ್ದರು. ಪುಣ್ಯಾತ್ಮರು ಅಂಗಡಿಯನ್ನು ಎಷ್ಟು ಶ್ರದ್ಧೆಯಿಂದ ನಡೆಸಿದರೋ ಜಗಳವನ್ನೂ ಅಷ್ಟೇ ಶ್ರದ್ಧೆಯಿಂದ ನಡೆಸಿದರು. ಅವರಿಬ್ಬರ ನಡುವೆ ಒಂದು ಮಣೆಯ ಮೇಲೆ ಕೂತು, ಇವನ ಮಾತನ್ನು ಅವನಿಗೆ, ಅವನ ಮಾತನ್ನು ಇವನಿಗೆ ದಾಟಿಸುತ್ತ ಸವೆದುಹೋದವಳು ಒಬ್ಬಳಿದ್ದಳು. ದೊಡ್ಡವನಿಗೆ ತಂಗಿ, ಚಿಕ್ಕವನಿಗೆ ಅಕ್ಕ, ಊರಿಗೆಲ್ಲ ಗುಂಡಿಯಕ್ಕ.

ಅಂಗಿಗೆ ಗುಂಡಿ ಹಾಕುವುದು, ಕಾಜಾ ಮಾಡುವುದು, ಹುಕ್ಕು ಕೂರಿಸುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಅವಳ ಕೆಲಸ. ಅದಕ್ಕೇ ಆ ಹೆಸರು. ಗಿರಾಕಿಗಳು ತಮಾಷೆಗೆ, ಗುಂಡಿ ಅಂದರೆ ಬೀಳುವ ಗುಂಡಿಯೂ ಹೌದಲ್ಲ ಅಕ್ಕ ಎಂದು ಕಿಚಾಯಿಸಿದರೆ, ತೋಡಿದವರು ಅಲ್ಲಿ ಕೂತಿದ್ದಾರೆ, ಬಿದ್ದವಳು ಇಲ್ಲಿದ್ದೇನೆ ಎಂದು ಸೂಜಿಯ ತುದಿಯಿಂದಲೇ ಎರಡೂ ಕಡೆ ತೋರಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅಣ್ಣತಮ್ಮಂದಿರೂ ನಗುತ್ತಿದ್ದರು, ಆದರೆ ಒಬ್ಬರು ನಕ್ಕಿದ್ದನ್ನು ಇನ್ನೊಬ್ಬರು ನೋಡದ ಹಾಗೆ ತಲೆ ತಗ್ಗಿಸಿಕೊಂಡು.

ಅಂಗಡಿ ಶುರು ಮಾಡಿದವನು ಇವರ ಅಪ್ಪ. ಮೊದಮೊದಲು ಅವನಿಗೆ ಅಂಗಡಿ ಎಲ್ಲಿತ್ತು? ಕಾಳಿನ ವ್ಯಾಪಾರಿಯೊಬ್ಬನ ಜಗುಲಿಯ ಮೂಲೆಯಲ್ಲಿ ಒಂದು ಹಳೇ ತುಳಿಯುವ ಮಿಷಿನ್ನು ಇಟ್ಟುಕೊಂಡು ಹರಿದ ಚೀಲಗಳಿಗೆ ತೇಪೆ ಹಾಕುತ್ತಿದ್ದ. ಚೀಲ ಹೊಲಿಸಲು ಬಂದ ರೈತರು ಒಂದು ಪೈಜಾಮ ಹೊಲಿದುಕೊಡು ಮಾರಾಯ ಎಂದರು. ಪೈಜಾಮ ಸರಿಹೋಯಿತು, ಅಂಗಿ ಹೊಲಿಸಿದರು. ಅಂಗಿ ಸರಿಹೋಯಿತು, ಮಗನ ಮದುವೆಗೆ ಕೋಟು ಹೊಲಿಸಿದರು. ಹೀಗೆ ಕಾಳಿನ ಧೂಳಿನಿಂದ ಎದ್ದು ಬಂದು ಪೇಟೆಬೀದಿಯ ಕೊನೆಯಲ್ಲಿ ಮಹಡಿ ಇರುವ ಒಂದು ಉದ್ದನೆಯ ಮನೆ ಹಿಡಿದ. ಕೆಳಗೆ ಅಂಗಡಿ, ಮೇಲೆ ಸಂಸಾರ.

ಮಕ್ಕಳು ಬೆಳೆದ ಹಾಗೆ ಕೆಲಸ ಹಂಚಿದ. ದೊಡ್ಡವನ ಕೈಗೆ ಕತ್ತರಿ ಕೊಟ್ಟ, ಚಿಕ್ಕವನನ್ನು ಮಿಷಿನ್ನಿನ ಮುಂದೆ ಕೂರಿಸಿದ, ಮಗಳಿಗೆ ಸೂಜಿ ಕೊಟ್ಟ. ಊರಿನವರು ದೊಡ್ಡವನನ್ನು ಕಟ್ಟರ್ ಅಂತಲೂ ಚಿಕ್ಕವನನ್ನು ಮಿಷಿನ್ನಣ್ಣ ಅಂತಲೂ ಕರೆದರು. ಬಾಗಿಲ ಮೇಲೆ ಬೋರ್ಡು ಬರೆಸುವಾಗ ಅಪ್ಪ ತನ್ನ ಹೆಸರು ಹಾಕಿಸಿ, ಮುಂದೆ ‘ಮತ್ತು ಗಂಡು ಮಕ್ಕಳು’ ಎಂದು ಬರೆಸಿದ. ಅಕ್ಷರ ಬರೆಯುವವನು ಏಣಿಯ ಮೇಲಿಂದ, ಮಗಳದ್ದು ಬೇಡವಾ ಯಜಮಾನ್ರೇ ಎಂದು ಕೇಳಿದನಂತೆ. ಬೋರ್ಡಿನಲ್ಲಿ ಜಾಗವಿಲ್ಲ ಎಂದನಂತೆ ಅಪ್ಪ. ಜಾಗವಿಲ್ಲವಂತೆ! ಆ ಬೋರ್ಡಿನ ಕೆಳಗೆ ಬಾಗಿಲು ತೆಗೆದು ಕಸ ಗುಡಿಸುವುದಕ್ಕೆ ಮಾತ್ರ ದಿನಾ ಬೆಳಿಗ್ಗೆ ಮಗಳೇ ಬೇಕಿತ್ತು.

ಅಂಗಡಿಯ ಒಳಗನ್ನು ಒಮ್ಮೆ ನೋಡಿಬಿಡಿ. ಹಲಗೆ ಬಾಗಿಲು ದಾಟಿದರೆ ಎಡಗಡೆ ಉದ್ದನೆಯ ಕಟಿಂಗ್ ಟೇಬಲ್ಲು, ಅದರ ಅಂಚು ದೊಡ್ಡವನ ಹೊಟ್ಟೆ ತಗುಲಿ ತಗುಲಿ ನುಣ್ಣಗಾಗಿತ್ತು. ಗೋಡೆಗೆ ಮೊಳೆ ಹೊಡೆದು ಕಾಗದದ ಅಚ್ಚುಗಳನ್ನು ತೂಗುಹಾಕಿದ್ದರು. ಎದುರುಗಡೆ ಕಿಟಕಿಯ ಪಕ್ಕ ಬೆಳಕಿಗೆ ಮಿಷಿನ್ನು, ಅದರ ಕೆಳಗೆ ದಾರದ ಚೂರು, ಬಟ್ಟೆಯ ತುಣುಕು. ಎರಡರ ನಡುವೆ ನೆಲದ ಮೇಲೆ ಗುಂಡಿಯಕ್ಕನ ಮಣೆ, ಬಿಸ್ಕತ್ತಿನ ಡಬ್ಬಿಗಳಲ್ಲಿ ಬಣ್ಣಬಣ್ಣದ ಗುಂಡಿಗಳು. ಹಿಂದಿನ ಮೂಲೆಯಲ್ಲಿ ಇಸ್ತ್ರಿಯ ಮೇಜು, ಅದರ ಪಕ್ಕದಿಂದಲೇ ಮಹಡಿಗೆ ಮರದ ಮೆಟ್ಟಿಲು. ಕೆಳಗೆ ಮಿಷಿನ್ನು ಓಡಿದರೆ ಮಹಡಿಯ ನೆಲ ಸಣ್ಣಗೆ ಅದುರುತ್ತಿತ್ತು, ಮೇಲೆ ಲೋಟ ಬಿದ್ದರೆ ಕೆಳಗೆ ಕೇಳುತ್ತಿತ್ತು.

ಅಪ್ಪ ಹೋದ ಮೇಲೆ ಅಂಗಡಿ ಇನ್ನೂ ಚೆನ್ನಾಗಿಯೇ ನಡೆಯಿತು. ಅಣ್ಣತಮ್ಮಂದಿರು ಆಗ ಒಬ್ಬರ ಮೇಲೊಬ್ಬರು ಪ್ರಾಣ ಇಟ್ಟುಕೊಂಡಿದ್ದರು. ದೊಡ್ಡವನು ತಮ್ಮನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ‘ಪುಟ್ಟು’ ಎನ್ನುತ್ತಿದ್ದ. ಆ ಪುಟ್ಟುವಿಗೆ ಮೀಸೆ ಬಂದು, ಹೆಂಡತಿ ಬಂದು, ಪಕ್ಕದ ಬೀದಿಯಲ್ಲಿ ಬೇರೆ ಮನೆ ಮಾಡಿದ ಮೇಲೂ ಪುಟ್ಟುವೇ.

ಎಲ್ಲ ಕೆಡಿಸಿದ್ದು ಒಂದು ಮಖಮಲ್ಲಿನ ಲಂಗ. ಮದುಮಗಳಿಗೆ ಹೊಲಿಯಬೇಕಾದದ್ದು, ನೆಲ ಮುಟ್ಟುವಷ್ಟು ಉದ್ದ, ಕಡು ನೀಲಿ ಬಣ್ಣ. ಮಖಮಲ್ಲಿನ ಬುದ್ಧಿ ಗೊತ್ತಲ್ಲ, ಕೆಳಮುಖವಾಗಿ ಸವರಿದರೆ ನುಣುಪು, ಮೇಲ್ಮುಖವಾಗಿ ಸವರಿದರೆ ಒರಟು. ಎಲ್ಲ ಪಟ್ಟಿಗಳನ್ನೂ ಒಂದೇ ಮುಖಕ್ಕೆ ಜೋಡಿಸಿ ಹೊಲಿಯಬೇಕು. ಒಂದು ಪಟ್ಟಿ ತಲೆಕೆಳಗಾದರೂ ಬೆಳಕಿನಲ್ಲಿ ಅದೊಂದೇ ಬೇರೆ ಬಣ್ಣವಾಗಿ ಎದ್ದು ಕಾಣುತ್ತದೆ. ದಿಕ್ಕು ತಪ್ಪದಿರಲೆಂದು ಕತ್ತರಿಸುವವನು ಪ್ರತಿ ಪಟ್ಟಿಯ ಹಿಂಭಾಗಕ್ಕೂ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಮದುಮಗಳು ಲಂಗ ಹಾಕಿಕೊಂಡು ಅಂಗಡಿಯ ಬಾಗಿಲಿಗೆ ಬಂದು ನಿಂತಳು. ಬಿಸಿಲು ಬಿತ್ತು. ಸರಿಯಾಗಿ ಮುಂಭಾಗದಲ್ಲೇ ಒಂದು ಪಟ್ಟಿ ಕಪ್ಪಗೆ ಕಂಡಿತು. ಅವಳ ತಾಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಬಾಣ ಹಾಕಿದ್ದೆ, ನೋಡದೆ ಹೊಲಿದಿದ್ದಾನೆ ಎಂದ ದೊಡ್ಡವನು. ಆ ಪಟ್ಟಿಗೆ ಬಾಣವೇ ಇರಲಿಲ್ಲ ಎಂದ ಚಿಕ್ಕವನು. ಬಿಚ್ಚಿ ನೋಡಿದರೆ ಸೀಮೆಸುಣ್ಣ ಅಳಿಸಿಹೋಗಿತ್ತೋ, ಹಾಕಿರಲೇ ಇಲ್ಲವೋ, ಆ ದೇವರಿಗೇ ಗೊತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಗಂಡಸರು ನಿಲ್ಲಿಸುತ್ತಾರೆಯೇ? ಗಿರಾಕಿಗಳ ಎದುರಿಗೇ ದೊಡ್ಡವನು, ಬಾಣ ನೋಡೋಕೆ ಕಣ್ಣೊಂದಿದ್ದರೆ ಸಾಲದು, ಅದರ ಹಿಂದೆ ಮಿದುಳೂ ಇರಬೇಕು ಎಂದುಬಿಟ್ಟ. ಚಿಕ್ಕವನು ಮಿಷಿನ್ನಿನಿಂದ ಎದ್ದು ನಿಂತ.

“ಅಪ್ಪ ನಿನ್ನ ಕೈಗೆ ಕತ್ತರಿ ಕೊಟ್ಟಿದ್ದು ನೀನು ಮೊದಲು ಹುಟ್ಟಿದ್ದಕ್ಕೆ ಕಣೋ. ಕೆಲಸ ಬರುತ್ತೆ ಅಂತಲ್ಲ.”

ಕಟ್ಟರ್ ಕತ್ತರಿಯನ್ನು ಮೆಲ್ಲಗೆ ಟೇಬಲ್ಲಿನ ಮೇಲಿಟ್ಟು, ಇನ್ನು ಮೇಲೆ ಇವನ ಮಾತು ನನ್ನ ಕಿವಿಗೆ ಬೀಳಕೂಡದು, ಏನಿದ್ದರೂ ನಿನ್ನ ಹತ್ತಿರ ಹೇಳಲಿ ಎಂದು ತಂಗಿಗೆ ಹೇಳಿದ. ನನ್ನದೂ ಅಷ್ಟೇ ಅಂತ ಹೇಳು ಅಕ್ಕ ಎಂದ ಚಿಕ್ಕವನು. ಅವಳು ಆ ಹೊತ್ತಿನ ಮಟ್ಟಿಗೆ ಎಂದುಕೊಂಡು ಇಬ್ಬರಿಗೂ ಹೂಂ ಎಂದಳು. ಅವಳು ಮಾಡಿದ ದೊಡ್ಡ ತಪ್ಪೆಂದರೆ ಆ ಹೂಂ.

ಅಂದಿನಿಂದ ಶುರುವಾಯಿತು ಈ ದಾಟಿಸುವ ಕೆಲಸ. ಕೈಯಳತೆಯ ದೂರದಲ್ಲಿ ಕೂತ ಇಬ್ಬರು ದಾಂಡಿಗರ ನಡುವೆ ಒಬ್ಬಳು ಮಾತು ಹೊರಬೇಕು. ಮಿಷಿನ್ನು ಓಡುತ್ತಿರುವಾಗ ದೊಡ್ಡವನು ತಂಗಿಗೆ ಹೇಳುತ್ತಿದ್ದ, ಮಿಷಿನ್ನು ನಿಂತಾಗ ಅವಳು ಚಿಕ್ಕವನಿಗೆ ಹೇಳುತ್ತಿದ್ದಳು. ಆದರೆ ಹೇಳಿದ್ದನ್ನು ಹೇಳಿದ ಹಾಗೆ ಹೇಳಿದರೆ ಅಂಗಡಿ ಒಂದು ವಾರ ಉಳಿಯುತ್ತಿತ್ತೇ? ‘ಆ ಕತ್ತೆಗೆ ಹೇಳು, ಕಾಲರ್ ಸೊಟ್ಟ ಕೂರಿಸಿದರೆ ಬೀದಿಯಲ್ಲಿ ನಿಲ್ಲಿಸಿ ಬಿಚ್ಚಿಸುತ್ತೇನೆ’ ಎಂದು ಇಲ್ಲಿಂದ ಹೊರಟದ್ದು, ‘ಕಾಲರ್ ಕೂರಿಸೋದರಲ್ಲಿ ನಿನ್ನದು ಎತ್ತಿದ ಕೈಯಂತೆ, ಇದೊಂದನ್ನ ಸ್ವಲ್ಪ ನೋಡಿ ಕೂರಿಸಬೇಕಂತೆ’ ಎಂದಾಗಿ ಅಲ್ಲಿಗೆ ಮುಟ್ಟುತ್ತಿತ್ತು. ‘ಆ ಮಹಾರಾಜನಿಗೆ ಹೇಳು, ತೋಳು ಗಿಡ್ಡ ಕತ್ತರಿಸಿದರೆ ನಾನು ಎಳೆದು ಉದ್ದ ಮಾಡೋಕಾಗಲ್ಲ’ ಎಂದದ್ದು, ‘ಅಣ್ಣ, ತೋಳಿನ ಅಳತೆ ಇನ್ನೊಮ್ಮೆ ನೋಡಿಕೊಂಡರೆ ಅನುಕೂಲ ಅಂತಾನೆ’ ಎಂದಾಗುತ್ತಿತ್ತು.

ಅವರೇನು ಕಿವುಡರೇ? ಅರ್ಧ ಕೇಳಿರುತ್ತಿತ್ತು, ಮಿಕ್ಕರ್ಧ ಊಹೆಗೆ ಸಿಗುತ್ತಿತ್ತು. ಒರಟು ಬಟ್ಟೆ ಮೈಗೆ ಚುಚ್ಚದಿರಲೆಂದು ಒಳಗೆ ನುಣುಪಾದ ಲೈನಿಂಗ್ ಕೊಡುತ್ತಾರಲ್ಲ, ಅಕ್ಕ ಮಾತಿಗೂ ಹಾಗೇ ಲೈನಿಂಗ್ ಹಾಕುತ್ತಾಳೆ ಎಂದು ಚಿಕ್ಕವನು ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದ. ಅವಳು ಬಾಯಿ ತೆರೆದರೆ ಸಾಕು, ಲೈನಿಂಗ್ ಬಿಚ್ಚಿ ಹೇಳಕ್ಕ ಎನ್ನುತ್ತಿದ್ದ. ಅವಳೂ ನಗುತ್ತಿದ್ದಳು. ನಗದೆ ಏನು ಮಾಡಿಯಾಳು, ಪಾಪ. ಅವಳಿಗೆ ಬೇಕಿದ್ದದ್ದು ಇಷ್ಟೇ: ಇಬ್ಬರೂ ಒಂದು ಸಲ, ಒಂದೇ ಒಂದು ಸಲ ಮುಖ ನೋಡಿ ಮಾತಾಡಬೇಕು. ಬೈದಾಡಿದರೂ ಸರಿಯೇ, ನೇರವಾಗಿ ಬೈದಾಡಲಿ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಇವತ್ತಾದರೂ ಆದೀತು ಎಂದುಕೊಳ್ಳುವಳು, ಸಂಜೆ ಹಾಕುವಾಗ ನಾಳೆ ನೋಡೋಣ ಎಂದುಕೊಳ್ಳುವಳು.

ಆ ನಾಳೆ ನೋಡೋಣದಲ್ಲಿ ಅವಳದೇ ಬದುಕು ಹೋಯಿತು. ಅಂಗಡಿಗೆ ದಾರ, ಗುಂಡಿ, ಜಿಪ್ಪು ತಂದು ಹಾಕುತ್ತಿದ್ದ ಒಬ್ಬನಿದ್ದ. ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬರುವವನು, ಮಿತಭಾಷಿ. ಅವಳಿಗೆ ತೋರಿಸಲೆಂದೇ ಹೊಸ ಬಣ್ಣದ ದಾರದುಂಡೆಗಳನ್ನು ಮೇಲೆ ಜೋಡಿಸಿಕೊಂಡು ಬರುತ್ತಿದ್ದ. ಒಂದು ಮಧ್ಯಾಹ್ನ ಅಣ್ಣತಮ್ಮಂದಿರು ಊಟಕ್ಕೆ ಹೋಗಿದ್ದಾಗ, ನನ್ನ ಮನೆಗೆ ಬಂದುಬಿಡುತ್ತೀರಾ ಎಂದು ಕೇಳಿದ. ಎದೆ ಬಾಯಿಗೆ ಬಂದ ಹಾಗಾಯಿತು ಅವಳಿಗೆ. ಆದರೆ ಬಾಯಿಂದ ಬಂದದ್ದು, ನಾನು ಹೋದರೆ ಇವರಿಬ್ಬರ ನಡುವೆ ಯಾರು ಮಾತಾಡುತ್ತಾರೆ, ಇವರದೊಂದು ಸರಿಹೋಗಲಿ, ಆಮೇಲೆ ಎಂದು. ಅವನು ಒಳ್ಳೆಯವನು, ಕಾದ. ಎಷ್ಟಂತ ಕಾಯುತ್ತಾನೆ? ಕೊನೆಗೊಮ್ಮೆ ಹೆಂಡತಿಯನ್ನು ಕರೆದುಕೊಂಡು ರವಿಕೆ ಹೊಲಿಸಲು ಇದೇ ಅಂಗಡಿಗೆ ಬಂದ. ಅದಕ್ಕೆ ಹುಕ್ಕು ಹಾಕಿದವಳು ಗುಂಡಿಯಕ್ಕ. ಎಲ್ಲ ಹುಕ್ಕೂ ಭದ್ರವಾಗಿ ಹಾಕಿ, ಮೇಲೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು.

ಒಂದು ಸಲ ಮಾತ್ರ ಅವಳ ಲೈನಿಂಗ್ ಮಿತಿಮೀರಿತು. ಚಿಕ್ಕವನು ಜ್ವರ ಬಂದು ಮಲಗಿದ್ದ. ನೋಡಲು ಹೋದವಳು ಅವನ ಬಾಡಿದ ಮುಖ ಕಂಡು ತಡೆಯಲಾರದೆ, ಪುಟ್ಟು ಹೇಗಿದ್ದಾನೆ ಅಂತ ದೊಡ್ಡಣ್ಣ ಬೆಳಿಗ್ಗೆಯಿಂದ ಕೇಳುತ್ತಲೇ ಇದ್ದಾನೆ, ನೀನಿಲ್ಲದೆ ಅಂಗಡಿ ಬಿಕೋ ಅನ್ನುತ್ತೆ ಅಂದ ಎಂದಳು. ಹಸಿ ಸುಳ್ಳು. ಚಿಕ್ಕವನು ಗೋಡೆಯ ಕಡೆ ತಿರುಗಿ ಮಲಗಿದ. ಅಲ್ಲಿಂದಲೇ, ಪುಟ್ಟು ಅಂದನಾ ಎಂದು ಕೇಳಿದ. ಹೂಂ ಅಂದಳು. ಮಾರನೆಯ ದಿನ ಜ್ವರ ಪೂರ್ತಿ ಇಳಿಯುವ ಮೊದಲೇ ತಲೆ ಬಾಚಿಕೊಂಡು, ಒಳ್ಳೆಯ ಅಂಗಿ ಹಾಕಿಕೊಂಡು ಅಂಗಡಿಗೆ ಬಂದುಬಿಟ್ಟ, ಮಾತಾಡಿಯೇಬಿಡುತ್ತೇನೆ ಅಂತ. ಅಲ್ಲಿ ನೋಡಿದರೆ ಅತ್ತಿಗೆ ಒಬ್ಬಳೇ ಇದ್ದಳು. ಅವಳ ಗಂಡ, ದೊಡ್ಡವನು, ಬಟ್ಟೆ ತರಲು ಬೇರೆ ಊರಿಗೆ ಹೋಗಿ ಎರಡು ದಿನವಾಗಿತ್ತು. ಚಿಕ್ಕವನಿಗೆ ಜ್ವರ ಬಂದಿರುವುದೇ ಅವನಿಗೆ ಗೊತ್ತಿರಲಿಲ್ಲ.

ಅವತ್ತು ಚಿಕ್ಕವನು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಅಕ್ಕ ಬಂದ ಮೇಲೆ ಅವಳ ಎದುರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದ.

“ಬೈಗುಳಕ್ಕೆ ಎಷ್ಟು ಬೇಕಾದ್ರೂ ಲೈನಿಂಗ್ ಹಾಕು, ಬೇಡ ಅನ್ನಲ್ಲ. ಆದ್ರೆ ಅವನು ಹೇಳದೆ ಇರೋ ಪ್ರೀತಿನ ನೀನು ಹೊಲಿದು ತಂದು ನನಗೆ ತೊಡಿಸಬೇಡ ಅಕ್ಕ. ಇನ್ನು ಮೇಲೆ ಅವನ ಹೆಸರಲ್ಲಿ ಒಳ್ಳೆ ಮಾತು ಏನು ಬಂದ್ರೂ ಅದು ನಿಂದೇ ಅಂದ್ಕೋತೀನಿ.”

ಅವಳು ಒಪ್ಪಿಕೊಂಡಳು. ಆಮೇಲೆ ವರ್ಷಗಟ್ಟಲೆ ಕಾಲರ್, ತೋಳು, ಪಟ್ಟಿ, ಜೇಬಿನ ಮಾತು ಬಿಟ್ಟು ಬೇರೆ ಮಾತು ಹೊರಲಿಲ್ಲ.

ಕಾಲ ತಿರುಗಿತು. ಊರಿಗೆ ರೆಡಿಮೇಡು ಬಂತು. ಬಸ್‌ಸ್ಟ್ಯಾಂಡಿನ ಪಕ್ಕ ಗಾಜಿನ ಬಾಗಿಲಿನ ಅಂಗಡಿಗಳು ಎದ್ದವು. ಹೊಸ ಬಟ್ಟೆ ಹೊಲಿಸುವವರು ಹೋಗಿ, ತಂದ ಪ್ಯಾಂಟಿನ ಉದ್ದ ಕಡಿಮೆ ಮಾಡಿಸುವವರು, ಜಿಪ್ಪು ಬದಲಿಸುವವರು, ಶಾಲೆ ಮಕ್ಕಳ ಹರಿದ ಚಡ್ಡಿಗೆ ಹೊಲಿಗೆ ಹಾಕಿಸುವವರು ಉಳಿದರು. ಅಪ್ಪ ತೇಪೆಯಿಂದ ಶುರು ಮಾಡಿ ಕೋಟಿನವರೆಗೆ ಏರಿಸಿದ್ದ ಅಂಗಡಿ ಕೋಟಿನಿಂದ ಇಳಿದು ಇಳಿದು ಮತ್ತೆ ತೇಪೆಗೇ ಬಂದು ನಿಂತಿತು. ಚಿಕ್ಕವನ ಮಿಷಿನ್ನಿಗೆ ಹೇಗೋ ಅಷ್ಟಿಷ್ಟು ಕೆಲಸ ಸಿಗುತ್ತಿತ್ತು. ಕಟ್ಟರ್‌ಗೆ ಏನು ಕೆಲಸ? ಕತ್ತರಿಸಲು ಹೊಸ ಬಟ್ಟೆಯೇ ಇಲ್ಲ. ಆದರೂ ಬೆಳಿಗ್ಗೆ ಬಂದು ಟೇಪನ್ನು ಕೊರಳಿಗೆ ಹಾಕಿಕೊಂಡು ಟೇಬಲ್ಲಿಗೆ ಹೊಟ್ಟೆ ಆನಿಸಿ ನಿಲ್ಲುತ್ತಿದ್ದ. ಬೀದಿ ನೋಡುತ್ತ ನಿಂತು ನಿಂತು ಸಂಜೆ ಮೆಟ್ಟಿಲು ಹತ್ತುತ್ತಿದ್ದ.

ಇಲ್ಲೊಂದು ವಿಚಿತ್ರ ನೋಡಿ. ಕೆಲಸ ಕಡಿಮೆಯಾದ ಹಾಗೆ ಅಣ್ಣತಮ್ಮಂದಿರಿಗೆ ಅಕ್ಕನ ಮೂಲಕ ಹೇಳಿಕಳಿಸುವ ಮಾತೂ ಕಡಿಮೆಯಾಯಿತು. ಬೈಯಬೇಕೆಂದರೂ ಒಂದು ಕಾಲರ್ ಬೇಕಲ್ಲ! ಕತ್ತೆಯೂ ಇಲ್ಲ, ಮಹಾರಾಜನೂ ಇಲ್ಲ. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ಹೊರಬೇಕಾದ ಮಾತು ಒಂದೂ ಇರುತ್ತಿರಲಿಲ್ಲ. ಮೊದಲು ಯಾವುದು ತಲೆನೋವಾಗಿತ್ತೋ ಅದಕ್ಕೇ ಈಗ ಅವಳ ಜೀವ ಕಾತರಿಸಿತು. ಅಣ್ಣ ಏನಾದರೂ ಅನ್ನಲಿ, ಬಾಯಿಗೆ ಬಂದದ್ದು ಬೈಯಲಿ ಎಂದು ಅವನ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ಅವನು ಬೀದಿ ನೋಡುತ್ತಿದ್ದ.

ಆಮೇಲೆ ದೊಡ್ಡವನಿಗೆ ಉಬ್ಬಸ ಹತ್ತಿತು. ಬಟ್ಟೆಯ ಧೂಳು ಇಷ್ಟು ವರ್ಷ ಎದೆಯಲ್ಲಿ ಕೂತದ್ದು ಈಗ ಎದ್ದಿದೆ ಎಂದರು ಡಾಕ್ಟರು. ಮೊದಲು ಮೆಟ್ಟಿಲಿಳಿಯುವುದು ನಿಂತಿತು, ಆಮೇಲೆ ಮಂಚದಿಂದ ಇಳಿಯುವುದು. ಮಹಡಿಯ ಕೋಣೆಯಲ್ಲಿ ಬೆನ್ನಿಗೆ ದಿಂಬುಗಳನ್ನು ಪೇರಿಸಿಕೊಂಡು ಒರಗಿ, ಕೆಳಗಿನ ಮಿಷಿನ್ನಿನ ಸದ್ದಿಗೆ ಕಿವಿ ಕೊಟ್ಟುಕೊಂಡು ಇರುತ್ತಿದ್ದ. ಈಗ ದಾರದ ಬಾಬಿನ್ನು ಬದಲಿಸಿದ, ಈಗ ದಪ್ಪ ಬಟ್ಟೆ ಸಿಕ್ಕಿದೆ, ಈಗ ಚಹಾಕ್ಕೆ ಎದ್ದ ಎಂದು ತನ್ನಷ್ಟಕ್ಕೆ ಗೊಣಗುವುದನ್ನು ತಂಗಿ ಕೇಳಿಸಿಕೊಳ್ಳುತ್ತಿದ್ದಳು. ಚಿಕ್ಕವನು ಮಾತ್ರ ಒಂದು ದಿನವೂ ಮೆಟ್ಟಿಲ ಮೇಲೆ ಕಾಲಿಡಲಿಲ್ಲ. ಔಷಧಿ ತಂದುಕೊಡುತ್ತಿದ್ದ, ಡಾಕ್ಟರನ್ನು ಕರೆದುಕೊಂಡು ಬರುತ್ತಿದ್ದ, ಕೆಳಗಿನ ಮೆಟ್ಟಿಲ ಹತ್ತಿರ ನಿಂತು ಅಕ್ಕನ ಕೈಗೆ ಕೊಟ್ಟು ಹಿಂದಿರುಗುತ್ತಿದ್ದ. ಕರೆಯದೆ ನಾನು ಹೋಗಲ್ಲ ಎನ್ನುವುದು ಇವನ ಹಟ. ತಾನಾಗಿ ಬರಲಿ ಎನ್ನುವುದು ಅವನ ಹಟ. ಇಬ್ಬರಿಗೂ ಎರಡೇಟು ಹಾಕುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಒಂದು ದಿನ ಮಧ್ಯಾಹ್ನ ಅತ್ತಿಗೆ ಹೊರಗೆ ಹೋಗಿದ್ದಳು. ಗುಂಡಿಯಕ್ಕ ಮಂಚದ ಪಕ್ಕ ಕೂತು ಗಂಜಿ ಆರಿಸುತ್ತಿದ್ದಳು. ಕೆಳಗೆ ಮಿಷಿನ್ನು ಓಡುತ್ತಿತ್ತು. ದೊಡ್ಡವನು ಕಣ್ಣು ತೆರೆದು ಅವಳ ಮೊಣಕೈ ಹಿಡಿದುಕೊಂಡ.

“ಪುಟ್ಟುನ ಕರಿ.”

ಅವಳಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಏನಂದೆ ಅಣ್ಣ ಎಂದಳು. ಅವನು ಉಸಿರು ಒಟ್ಟುಮಾಡಿಕೊಂಡು ಮತ್ತೆ ಹೇಳಿದ.

“ಪುಟ್ಟುನ ಕರಿ. ನಾನೇ ಕರೆದೆ ಅನ್ನು. ಅವನ ಜೊತೆ ಮಾತಾಡಬೇಕು. ನೀನೇನೂ ಸೇರಿಸಬೇಡ.”

ಗಂಜಿಯ ಬಟ್ಟಲು ಎಲ್ಲಿಟ್ಟಳೋ ಅವಳಿಗೇ ಗೊತ್ತಿಲ್ಲ. ಮೆಟ್ಟಿಲನ್ನು ಹೇಗೆ ಇಳಿದಳೋ ಅದೂ ಗೊತ್ತಿಲ್ಲ. ಇಷ್ಟು ವರ್ಷ ಯಾವ ಮಾತಿಗಾಗಿ ಮಣೆಯ ಮೇಲೆ ಬೇರುಬಿಟ್ಟು ಕೂತಿದ್ದಳೋ ಆ ಮಾತು ಇಡಿಯಾಗಿ, ಒಂದು ನೂಲೂ ಸೇರಿಸಬೇಕಾಗಿಲ್ಲದ ಹಾಗೆ ಅವಳ ಬಾಯಲ್ಲಿತ್ತು. ಚಿಕ್ಕವನು ಶಾಲೆಯ ಪ್ಯಾಂಟೊಂದರ ಅಂಚು ಹೊಲಿಯುತ್ತಿದ್ದ. ಅವಳು ಏದುಸಿರು ಬಿಡುತ್ತ ಅಣ್ಣ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಹೇಳಿದಳು.

ಅವನು ಪೆಡಲಿನಿಂದ ಕಾಲು ತೆಗೆಯಲಿಲ್ಲ. ಸಾಕು ಬಿಡಕ್ಕ, ಈ ವಯಸ್ಸಲ್ಲೂ ನಿನಗೆ ಈ ಹುಚ್ಚು ಬಿಡಲಿಲ್ವಾ ಎಂದು ನಕ್ಕ. ಸಿಟ್ಟೂ ಇರಲಿಲ್ಲ ಅವನ ದನಿಯಲ್ಲಿ, ಚಿಕ್ಕ ಮಗುವಿಗೆ ಹೇಳಿದ ಹಾಗೆ ಹೇಳಿದ. ನಿನ್ನಾಣೆ ಕಣೋ, ಪುಟ್ಟು ಅಂದ, ಎರಡೆರಡು ಸಲ ಅಂದ ಎಂದಳು. ಜ್ವರ ಬಂದಾಗಲೂ ಪುಟ್ಟು ಅಂದಿದ್ದ ಅಲ್ವಾ ಎಂದ ಅವನು.

ಮತ್ತೆ ಮೇಲೆ ಓಡಿದಳು. ಬಂದನಾ ಎಂದು ದೊಡ್ಡವನು ಕಣ್ಣಲ್ಲೇ ಕೇಳಿದ. ಕೈಯಲ್ಲಿರುವುದನ್ನು ಮುಗಿಸಿ ಬರುತ್ತಾನಂತೆ ಎಂದಳು. ಅವನು ಕೆಳಗಿನ ಸದ್ದನ್ನು ಸ್ವಲ್ಪ ಹೊತ್ತು ಆಲಿಸಿದ. ಅದು ನಿಲ್ಲಲಿಲ್ಲ. ಇನ್ನೊಂದು ಸಲ ಹೇಳು ಎಂದ. ಆ ಗಂಡಸು ತನ್ನ ಜನ್ಮದಲ್ಲಿ ಯಾರನ್ನೂ ಎರಡನೆಯ ಸಲ ಕೇಳಿದವನಲ್ಲ.

ಅವಳು ಎರಡನೆಯ ಸಲ ಇಳಿದಳು. ಕಾಲಿಗೆ ಬೀಳುತ್ತೇನೆ ಕಣೋ, ಬರೀ ಮೆಟ್ಟಿಲು ಹತ್ತು, ನಾನು ಹೇಳಿದ್ದು ಸುಳ್ಳಾದರೆ ಇಳಿದು ಬಾ ಎಂದು ಗೋಗರೆದಳು. ಚಿಕ್ಕವನ ಮುಖ ಈಗ ಗಂಟಿಕ್ಕಿತು. ಅವಳ ಮಾತು ನಂಬಿ ಅವನು ಹೋಗಿ ಮೋಸಹೋದದ್ದು ಒಂದು ಸಲ ಆಗಿಹೋಗಿತ್ತು. ತಲೆ ಬಾಚಿಕೊಂಡು ಹೋಗಿ ಖಾಲಿ ಟೇಬಲ್ಲಿನ ಮುಂದೆ ನಿಂತ ಆ ಅವಮಾನ ಅವನಿಗೆ ಇನ್ನೂ ಹಸಿಯಾಗಿತ್ತು.

“ಅವನಿಗೆ ನಾನು ಬೇಕಿದ್ರೆ ಅಲ್ಲಿಂದಲೇ ಒಂದು ಸಲ ಕೂಗಲಿ. ಕೆಳಗೇ ಇದ್ದೀನಿ. ಅವನ ಬಾಯಿಂದ ಕೇಳಿದ್ರೆ ಓಡಿ ಹೋಗ್ತೀನಿ. ನಿನ್ನ ಬಾಯಿಂದ ಬೇಡ.”

ಅವಳು ಹತ್ತಿ ಹೋಗಿ ಅದನ್ನೂ ಹೇಳಿದಳು. ಅಣ್ಣ, ಒಂದೇ ಸಲ ಕೂಗು, ಅವನಿಗೆ ನಿನ್ನ ದನಿ ಕೇಳಬೇಕಂತೆ ಎಂದಳು. ದೊಡ್ಡವನು ದಿಂಬಿನಿಂದ ಬೆನ್ನು ಎತ್ತಿದ. ಅವಳು ಹಿಂದಿನಿಂದ ಆನಿಸಿ ಹಿಡಿದುಕೊಂಡಳು. ಅವನು ಕೂಗಿದ. ಪುಟ್ಟೂ ಎಂದು ಕೂಗಿದ. ಅವಳಿಗೆ ಕೇಳಿಸಿತು, ಅವಳ ಕಿವಿ ಅವನ ಬಾಯಿಯ ಹತ್ತಿರವೇ ಇತ್ತು. ಆ ದನಿ ಕೋಣೆಯ ಬಾಗಿಲನ್ನೂ ದಾಟುವಂಥದ್ದಲ್ಲ. ಕೆಳಗೆ ಮಿಷಿನ್ನು ಓಡುತ್ತಲೇ ಇತ್ತು.

ಅವನನ್ನು ದಿಂಬಿಗೆ ಒರಗಿಸಿ, ಮತ್ತೆ ಕೂಗು ಅಣ್ಣ, ನಾನು ಮಿಷಿನ್ನು ನಿಲ್ಲಿಸುತ್ತೇನೆ ಎಂದು ಹೇಳಿ ಓಡಿದಳು. ಬಂದವಳೇ ತಿರುಗುತ್ತಿದ್ದ ಗಾಲಿಯನ್ನು ಅಂಗೈಯಿಂದ ಒತ್ತಿ ಹಿಡಿದಳು. ದಾರ ಕಿತ್ತುಹೋಯಿತು. ಕೇಳು ಎಂದಳು. ಇಬ್ಬರೂ ಮೇಲೆ ನೋಡುತ್ತ ಕಿವಿಗೊಟ್ಟರು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಮಹಡಿಯಿಂದ ಏನೂ ಬರಲಿಲ್ಲ.

ಎಲ್ಲಿ ಅಕ್ಕ, ಯಾರು ಕೂಗ್ತಿದ್ದಾರೆ ಎಂದ ಚಿಕ್ಕವನು. ಅವಳ ಕೈಯನ್ನು ಗಾಲಿಯಿಂದ ಮೆತ್ತಗೆ ಬಿಡಿಸಿ, ಸೂಜಿಗೆ ದಾರ ಪೋಣಿಸಿ, ಮತ್ತೆ ತುಳಿಯತೊಡಗಿದ. ಅಷ್ಟರಲ್ಲಿ ಹೊರಗೆ ಹೋಗಿದ್ದ ಅತ್ತಿಗೆ ಬಂದು ಇಬ್ಬರನ್ನೂ ನೋಡಿ ಮೆಟ್ಟಿಲು ಹತ್ತಿದಳು. ಮೇಲಿಂದ ಅವಳು ಚೀರಿದ್ದು ಮಿಷಿನ್ನಿನ ಸದ್ದಿನಲ್ಲೂ ಕೇಳಿಸಿತು.

ದೊಡ್ಡವನನ್ನು ಮಣ್ಣು ಮಾಡುವವರೆಗೂ ಚಿಕ್ಕವನು ಅಳಲಿಲ್ಲ. ಅಣ್ಣನಿಗೆ ಹೊದಿಸುವ ಬಟ್ಟೆಯನ್ನು ತಾನೇ ಕತ್ತರಿಸಿದ, ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ಬಂದವರು, ಎಂಥ ಕಲ್ಲೆದೆ ನೋಡಿ ಎಂದು ಗುಸುಗುಸು ಮಾತಾಡಿಕೊಂಡರು. ಅವನಿಗೆ ಊಟ ಇಳಿಯುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ ಎನ್ನುವುದು ಅವನ ಹೆಂಡತಿ ಬಂದು ಕಣ್ಣೊರೆಸಿಕೊಂಡು ಹೇಳಿದಾಗಲೇ ಗುಂಡಿಯಕ್ಕನಿಗೆ ಗೊತ್ತಾದದ್ದು. ಗೋಡೆಗೆ ಮುಖ ಮಾಡಿ ಕೂತಿರುತ್ತಾರೆ ಅಕ್ಕ, ಕೇಳಿದರೆ ಕೂಗಿದನಾ ಕೂಗಿದನಾ ಅನ್ನುತ್ತಾರೆ, ನನಗೆ ಹೆದರಿಕೆಯಾಗುತ್ತಿದೆ ಎಂದಳು.

ಅಂಗಡಿಯ ಬಾಗಿಲು ಮತ್ತೆ ತೆರೆದ ದಿನ ಚಿಕ್ಕವನು ಮಿಷಿನ್ನಿನ ಹತ್ತಿರ ಹೋಗಲಿಲ್ಲ. ಅಕ್ಕನ ಮಣೆಯ ಎದುರು ನೆಲದ ಮೇಲೆ ಬಂದು ಕೂತ. ಗಡ್ಡ ಬೆಳೆದಿತ್ತು. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡಿದ್ದ. ಅವಳು ಸೂಜಿ ಕೆಳಗಿಟ್ಟು ಅದನ್ನು ಸರಿಮಾಡಲು ಕೈ ಚಾಚಿದಳು. ಅವನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಅಕ್ಕ, ಒಂದೇ ಒಂದು ಮಾತು. ಇದ್ದದ್ದು ಇದ್ದ ಹಾಗೆ ಹೇಳು. ಅವತ್ತು ಅವನು ನಿಜವಾಗ್ಲೂ ನನ್ನ ಕರೆದನಾ?”

ಅವನ ಕಣ್ಣುಗಳು ಗುಳಿಬಿದ್ದಿದ್ದವು. ಹೌದು ಎಂದರೆ ಏನಾಗುತ್ತದೆ ಎನ್ನುವುದು ಅವಳಿಗೆ ಆ ಕಣ್ಣುಗಳಲ್ಲೇ ಕಂಡಿತು. ಹೌದು ಎನ್ನಲು ಅವಳ ಜೀವವೆಲ್ಲ ಹಾತೊರೆಯಿತು. ಕರೆದ ಕಣೋ, ಪುಟ್ಟು ಅಂದ, ದಿಂಬಿನಿಂದೆದ್ದು ಕೂಗಿದ, ನಿನ್ನ ದಾರಿ ನೋಡುತ್ತಲೇ ಹೋದ ಎಂದು ಹೇಳಿ ಅವನನ್ನು ತಬ್ಬಿಕೊಂಡು ಅಳಬೇಕೆನ್ನಿಸಿತು. ಒಂದು ಜನ್ಮವೆಲ್ಲ ಕಾದು ಅವಳು ಪಡೆದದ್ದು ಆ ಮಾತೊಂದನ್ನೇ. ಆದರೆ ಆ ಮಾತು ಹೇಳಿದರೆ ಈ ತಮ್ಮ ಇನ್ನು ಯಾವ ಹೊತ್ತಿಗೂ ಮಿಷಿನ್ನು ತುಳಿಯಲಾರ, ಯಾವ ತುತ್ತೂ ನುಂಗಲಾರ.

“ಇಲ್ಲ ಕಣೋ,” ಎಂದಳು. “ನಾನೇ ಸೇರಿಸಿ ಹೇಳಿದ್ದು. ಕೊನೆಗಾದ್ರೂ ನೀವು ಮಾತಾಡ್ಲಿ ಅಂತ.”

ಚಿಕ್ಕವನು ಅವಳ ಕೈ ಬಿಟ್ಟ. ಎಷ್ಟೋ ದಿನದಿಂದ ತಡೆಹಿಡಿದಿದ್ದ ಹಾಗೆ ಉಸಿರು ಹೊರಗೆ ಬಿಟ್ಟ. ಅವನ ಭುಜಗಳು ಇಳಿದವು. ಆಮೇಲೆ ಅಷ್ಟು ದಿನ ಬಾರದ ಅಳು ಬಂತು, ಅಳುವಿನ ಜೊತೆಗೆ ಸಿಟ್ಟೂ ಬಂತು. ನನಗೆ ಗೊತ್ತಿತ್ತು, ನನಗೆ ಮೊದಲೇ ಗೊತ್ತಿತ್ತು ಎಂದು ಮೊಣಕಾಲ ಮೇಲೆ ಗುದ್ದಿಕೊಂಡ.

“ಎಂಥ ಮನುಷ್ಯ ಅಕ್ಕ ಅವನು! ಸಾಯೋವಾಗ್ಲೂ ಅವನ ಬಾಯಲ್ಲಿ ನನ್ನ ಹೆಸರು ಬರಲಿಲ್ವಲ್ಲ.”

“ಇಲ್ಲ,” ಎಂದಳು ಗುಂಡಿಯಕ್ಕ. “ಬರಲಿಲ್ಲ.”